ಹಾಗಲಕಾಯಿ ಹೋಳಿಗೆ

“ಒಂದು ದಿನಕ್ಕಾದರೂ ಸಾರು ಚೆನ್ನಾಗಿಲ್ಲ ಅಂತ ಹೇಳಬಾರದಿತ್ತೇನ್ರೀ. ಹೇಳಿದ್ದರೆ ಸರಿಮಾಡುತ್ತಿದ್ದೆ.”

ದೇವೀರಮ್ಮ ಗಂಡನಿಗೆ ಹೇಳಿದ ಕಡೆಯ ಮಾತು ಇದೇ. ಹೇಳಿ ಗೋಡೆಯ ಕಡೆ ತಿರುಗಿದಳು. ಮತ್ತೆ ಈ ಕಡೆ ತಿರುಗಲಿಲ್ಲ.

ಗಂಡ ಮುದ್ದರಸ ನೆಲ್ಲಿಗೆರೆ ಸಂಸ್ಥಾನದ ಆಸ್ಥಾನದಲ್ಲಿದ್ದವನು. ದೊರೆಯನ್ನು ನಗಿಸುವುದು ಅವನ ಕೆಲಸ. ಮನೆಗೆ ಬಂದು ಉಪ್ಪಿಲ್ಲದ ಸಾರು ಉಂಡು, ಚೆನ್ನಾಗಿದೆ ಕಣೇ ಅನ್ನುತ್ತಿದ್ದ. ಅವಳು ಹೋದ ಮೇಲೆ ಆ ಒಂದು ಮಾತು ಅವನ ಬಾಯಿಗೆ ಬರುವುದೇ ನಿಂತಿತು.

ಅದರಿಂದಲೇ ಅವನು ಪೇಚಿಗೆ ಸಿಕ್ಕಿದ.

ಯುಗಾದಿ ಹತ್ತಿರ ಬಂದಿತ್ತು. ದೊರೆ ರುದ್ರಭೂಪಾಲ ತಾನೇ ಕಂಡುಹಿಡಿದ ಹೋಳಿಗೆಯನ್ನು ಸಭೆಗೆ ತರಿಸಿದ. ಒಳಗೆ ಬೇಳೆ ಇಲ್ಲ, ಬೆಲ್ಲ ಇಲ್ಲ. ಬರೀ ಹಾಗಲಕಾಯಿ ಹೂರಣ.

“ಹಬ್ಬಕ್ಕೆ ಬೇವು ತಿನ್ನುತ್ತೀರಿ. ಹಾಗಲಕಾಯಿ ಏನು ಪಾಪ ಮಾಡಿದೆ?” ಅಂದ ದೊರೆ. “ಇನ್ನು ಮೇಲೆ ಮನೆಮನೆಯಲ್ಲೂ ಇದೇ. ಬೇಳೆ ಹೋಳಿಗೆ ಯಾರೂ ತಟ್ಟಕೂಡದು. ನಾನೇನು ಸುಮ್ಮನೆ ಹೇರುತ್ತಿಲ್ಲ, ಪ್ರಜೆಗಳನ್ನು ಕೇಳಿಸಿದ್ದೇನೆ. ಏನಂದರು ಹೇಳಿ, ಮಂತ್ರಿಗಳೇ.”

ಮಂತ್ರಿ ಶೇಷಪ್ಪಯ್ಯ ಎದ್ದ. “ಮನೆಮನೆಗೂ ಹೋಗಿ ತಿನ್ನಿಸಿ ಕೇಳಿದೆ, ಪ್ರಭು. ಚೆನ್ನಾಗಿಲ್ಲ ಅಂದವರು ಒಬ್ಬರೂ ಇಲ್ಲ. ಕೆಲವರಿಗಂತೂ ಕಣ್ಣಲ್ಲಿ ನೀರೇ ಬಂತು.”

“ಜೊತೆಗೆ ಯಾರಿದ್ದರು?” ಅಂದ ಮುದ್ದರಸ.

“ಭಟರು. ಒಂದು ಕೈಲಿ ತಟ್ಟೆ, ಒಂದು ಕೈಲಿ ಈಟಿ. ಯಾಕಯ್ಯಾ?”

“ಸುಮ್ಮನೆ ಕೇಳಿದೆ.”

ಹೋಳಿಗೆ ಸಭೆಯಲ್ಲಿ ಸುತ್ತು ಬಂತು. ಒಬ್ಬೊಬ್ಬರೂ ಕಣ್ಣು ಮುಚ್ಚಿ ನುಂಗಿದರು. ಚೆನ್ನಾಗಿದೆ ಅಂದರು. ಮುದ್ದರಸನ ಸರದಿ ಬಂತು. ಅಗಿದ. ನುಂಗಿದ. ಚೆನ್ನಾಗಿದೆ ಅನ್ನಲು ಹೊರಟ. ಆಗಲಿಲ್ಲ.

“ಕಹಿ,” ಅಂದ.

ದೊರೆಯ ಮುಖ ಹಾಗಲಕಾಯಿಯ ಹಾಗೇ ಆಯಿತು. “ಊರಿಗೆಲ್ಲ ರುಚಿಸಿದ್ದು ನಿನಗೊಬ್ಬನಿಗೆ ಕಹಿಯೋ? ಸರಿ. ಊರಲ್ಲಿ ಇನ್ನೂ ಯಾರಿಗಾದರೂ ಸೇರುವುದಿಲ್ಲ ಅಂತ ಸಂಜೆಯೊಳಗೆ ತೋರಿಸು. ಇಲ್ಲವಾದರೆ ಆ ಬುಟ್ಟಿ ಇದೆಯಲ್ಲ, ಅಷ್ಟನ್ನೂ ನೀನೇ ತಿನ್ನಬೇಕು. ಇಲ್ಲೇ ಕೂತು.”

ಮುದ್ದರಸ ಬುಟ್ಟಿ ನೋಡಿದ. ಇಬ್ಬರು ಹೊತ್ತು ತಂದಿದ್ದರು.

“ಆಗಲಿ, ಪ್ರಭು. ಮಂತ್ರಿಗಳೇ ಬಂದು ಕೇಳಲಿ. ಭಟರೂ ಬರಲಿ. ನಾನು ಒಂದು ಮಾತು ಸೇರಿಸುತ್ತೇನೆ, ಅಷ್ಟೇ.”

ಮೊದಲು ಗಾಣದ ಮನೆ. ಪುಟ್ಟತಾಯಮ್ಮ ಹೊರಗೆ ಬಂದಳು.

“ದೊರೆಗಳ ಹೋಳಿಗೆ ಹೇಗಿತ್ತಮ್ಮ?” ಅಂದ ಮಂತ್ರಿ.

ಅವಳು ಈಟಿ ನೋಡಿದಳು. “ಅಮೃತ, ಬುದ್ಧಿ.”

“ನಿನಗೆ ಅಮೃತ. ಪಕ್ಕದ ಮನೆಯವರಿಗೆ?” ಅಂದ ಮುದ್ದರಸ.

ಪುಟ್ಟತಾಯಮ್ಮನ ಮುಖ ಅರಳಿತು. ಸೆರಗು ಸಿಕ್ಕಿಸಿಕೊಂಡು ಹತ್ತಿರ ಬಂದಳು. “ಕೆಂಚಶೆಟ್ಟರಿಗಾ? ಬಾಯಲ್ಲಿಟ್ಟುಕೊಂಡವರೇ ಹಿತ್ತಿಲಿಗೆ ಓಡಿದರು. ಬಾಳೆಗಿಡದ ಬುಡಕ್ಕೆ ಉಗಿದರು. ಗಿಡ ಬಾಡಿದೆ, ಬೇಕಾದರೆ ನೋಡಿ. ನಾನು ಹೇಳಿದೆ ಅನ್ನಬೇಡಿ.”

ಕೆಂಚಶೆಟ್ಟರ ಮನೆಗೆ ಹೋದರು.

“ನನಗಾ? ಎರಡು ತಿಂದೆ ಸ್ವಾಮಿ. ಸಾಲಲಿಲ್ಲ,” ಅಂದರು ಶೆಟ್ಟರು.

“ಪಕ್ಕದ ಮನೆಯವರಿಗೆ?”

“ಆ ಪುಟ್ಟತಾಯಮ್ಮನ ವಿಷಯ ಬೇಡ. ಕುಂಟು ಮಂಚದ ಕಾಲಿಗೆ ಒತ್ತು ಕೊಟ್ಟಿದ್ದಾಳೆ, ದೊರೆಗಳ ಹೋಳಿಗೆಯನ್ನು. ಮಂಚ ಈಗ ಅಲ್ಲಾಡುವುದಿಲ್ಲವಂತೆ.”

ಬೀದಿಯುದ್ದಕ್ಕೂ ಇದೇ ಕತೆ. ಎರಡನೇ ಬೀದಿಗೆ ಬರುವ ಹೊತ್ತಿಗೆ ಜನ ಕರೆಯದೆಯೇ ಬಾಗಿಲಲ್ಲಿ ನಿಂತಿದ್ದರು. “ಇತ್ತ ಬನ್ನಿ ಸ್ವಾಮಿ, ನಮ್ಮ ಪಕ್ಕದವರನ್ನು ಕೇಳಲೇ ಇಲ್ಲ ನೀವು.”

ಸಂಜೆ ಸಭೆ ಸೇರಿತು. ದೊರೆಯ ಪಕ್ಕದಲ್ಲಿ ರಾಣಿಯೂ ಬಂದು ಕೂತಳು.

“ಪ್ರಭು, ಎಲ್ಲರಿಗೂ ಇಷ್ಟವೇ,” ಅಂದ ಮಂತ್ರಿ ತಲೆ ಕೆರೆದುಕೊಳ್ಳುತ್ತ. “ಅವರವರ ಪಕ್ಕದ ಮನೆಯವರಿಗೆ ಮಾತ್ರ ಆಗುವುದಿಲ್ಲ.”

“ಆ ಪಕ್ಕದ ಮನೆಯವರನ್ನು ಕರೆಸಿ.”

“ಅವರಿಗೂ ಇಷ್ಟವಂತೆ, ಪ್ರಭು. ಕೇಳಿದೆ.”

“ಹಾಗಾದರೆ ಸೇರದವರು ಇರುವುದೆಲ್ಲಿ?”

“ಎಲ್ಲರ ಪಕ್ಕದಲ್ಲೂ,” ಅಂದ ಮುದ್ದರಸ.

ದೊರೆಗೆ ರೇಗಿತು. “ಇದು ಬರೀ ಚಾಡಿ. ಚಾಡಿಗೆ ಏನು ಬೆಲೆ? ಬುಟ್ಟಿ ತನ್ನಿ.”

“ತರಲಿ, ಪ್ರಭು. ತರುವಷ್ಟರಲ್ಲಿ ತಮ್ಮನ್ನೂ ಕೇಳಿಬಿಡುತ್ತೇನೆ. ತಮಗೆ ಈ ಹೋಳಿಗೆ ಹೇಗೆ?”

“ಪಂಚಪ್ರಾಣ.”

“ತಮ್ಮ ಪಕ್ಕದವರಿಗೆ?”

ದೊರೆ ರಾಣಿಯನ್ನು ನೋಡಿದ. ಬಹಳ ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಅಂತ ಕಾಣುತ್ತದೆ. “ಇವಳಿಗೆ ಆಗುವುದಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ಹೋಗುತ್ತಾಳೆ. ನಾನು ನೋಡಿಲ್ಲ ಅಂದುಕೊಂಡಿದ್ದಾಳೆ.”

“ಮುದ್ದರಸನವರೇ,” ಅಂದಳು ರಾಣಿ, “ನನ್ನನ್ನು ಕೇಳಲಿಲ್ಲ.”

“ತಮಗೆ ಹೇಗೆ, ತಾಯಿ?”

“ನನಗೆ ಬಹಳ ಇಷ್ಟ. ಪಕ್ಕದವರದೇ ಪಾಪ, ಕಷ್ಟ. ದವಡೆಯಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳದೆ ತುತ್ತು ಒಳಗೆ ಇಳಿಯುವುದಿಲ್ಲ. ಈಗ ಬುಟ್ಟಿ ಬರುತ್ತದೆ, ತಾವೂ ಒಂದು ತಿನ್ನಬೇಕಾದೀತು ಅಂತ ಆಗಲೇ ಒಂದು ಚೂರು ಇಟ್ಟುಕೊಂಡಿದ್ದಾರೆ. ಎಡಗಡೆ.”

ಸಭೆಯೆಲ್ಲ ದೊರೆಯ ಎಡಗೆನ್ನೆ ನೋಡಿತು. ಉಬ್ಬಿತ್ತು.

ದೊರೆ ಗಂಭೀರವಾಗಿ ಕೂರಲು ನೋಡಿದ. ಆಗಲಿಲ್ಲ. ನಗು ಒತ್ತಿಕೊಂಡು ಬಂತು. ಬೆಲ್ಲ ಹಾರಿ ಮಂತ್ರಿಯ ಪೇಟದಲ್ಲಿ ಕೂತಿತು.

“ಬೇಳೆಯನ್ನೇ ಬೇಯಿಸಿಕೊಳ್ಳಲಿ ಅಂತ ಡಂಗುರ ಹೊಡೆಸಿ,” ಅಂದ ದೊರೆ ಕಣ್ಣೊರೆಸಿಕೊಂಡು. “ಮುದ್ದರಸನಿಗೆ ಒಂದು ಶಾಲು. ಜೊತೆಗೆ ಆ ಬುಟ್ಟಿ.”

“ತಿನ್ನುವುದಕ್ಕಾ, ಪ್ರಭು?”

“ನನ್ನ ಕಣ್ಣಿಗೆ ಬೀಳದ ಹಾಗೆ ಮಾಡುವುದಕ್ಕೆ.”

ಮಾರನೆಯ ಬೆಳಿಗ್ಗೆ ಮುದ್ದರಸ ಬುಟ್ಟಿಯನ್ನು ಅರಮನೆಯ ಕೊಟ್ಟಿಗೆಗೆ ಎಳೆದುಕೊಂಡು ಹೋದ. ಒಂದು ಎಮ್ಮೆಯ ಮುಂದೆ ಇಟ್ಟ. ಎಮ್ಮೆ ಮೂಸಿತು. ಮೂತಿಯಿಂದ ತಳ್ಳಿ ಪಕ್ಕದ ಎಮ್ಮೆಯ ಮುಂದೆ ಇಟ್ಟಿತು. ಪಕ್ಕದ ಎಮ್ಮೆಯೂ ಮೂಸಿತು. ತಿರುಗಿ ಇದರ ಮುಂದೆ ತಳ್ಳಿತು.

ಮುದ್ದರಸ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಎರಡಕ್ಕೂ ಹುಲ್ಲು ಹಾಕಿ ಮನೆಗೆ ಹೋದ.