ವೈರು ಕಿತ್ತ ಓಂಕಾರಿ, ಕಾರು ತಳ್ಳಿದ ಹೆಂಡತಿ

ಕೇಳೋ ಕಿವಿ ಇರೋರು ಹತ್ತಿರ ಬನ್ನಿ, ಅರ್ಧಕ್ಕೆ ಎದ್ದು ಹೋಗೋರು ಈಗಲೇ ಎದ್ದು ಹೋಗಿ.

ಅರಸೀಕೆರೆ ಸ್ಟೇಷನ್ನಿನ ಹಿಂದಲ ಬೀದಿಯಲ್ಲಿ ನಿಂಗಾಜಮ್ಮ ಅಂತ ಒಬ್ಬಳಿದ್ದಳು. ಗಂಡ ಸಾಯುವಾಗ ಅವಳಿಗೆ ಬಿಟ್ಟು ಹೋಗಿದ್ದು ಎರಡೇ. ಒಂದು ಹಳೇ ಬಿಳಿ ಬಾಡಿಗೆ ಕಾರು, ಇನ್ನೊಂದು ಓಂಕಾರಿ ಅನ್ನೋ ಮಗ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟಿದೆ ಅಂತ ನಲ್ಲಿ ಹತ್ತಿರ ಹೆಂಗಸರಿಗೆ ದಿನಾ ವಾದ.

ಓಂಕಾರಿ ನಡತೆ ಕೆಟ್ಟೋನಲ್ಲ. ಬೀಡಿ ಇಲ್ಲ, ಇಸ್ಪೀಟಿಲ್ಲ, ಇನ್ನೊಬ್ಬರ ಮನೆ ಹಿತ್ತಿಲ ಬಾಗಿಲು ತಟ್ಟೋ ಚಾಳಿಯಿಲ್ಲ. ಆ ಚಾಳಿ ಇರೋರ ಹೆಸರು ಹೇಳ್ತಾ ಕೂತರೆ ಈ ಕತೆ ಮುಗಿಯಲ್ಲ, ಬಿಡಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ, ಅದೇ ಅವನ ಕಾಯಿಲೆ. ವಯಸ್ಸು ಮೂವತ್ತೆರಡು. ಹೆಣ್ಣು ನೋಡೋಕೆ ಹೋದ ಮೂರು ಮನೆಯಲ್ಲೂ ಕಾಫಿ ಲೋಟ ಕೆಳಗಿಡೋದರೊಳಗೆ ಹುಡುಗ ಎಂಥೋನು ಅಂತ ಗೊತ್ತಾಗಿ ಹೋಗಿತ್ತು. ಒಂದು ಮನೆಯಲ್ಲಿ, ಇದು ನಿಮ್ಮನೇನೇ ಅಂದ್ಕೊಳ್ಳಪ್ಪ ಅಂದಿದ್ದಕ್ಕೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಚಾಪೆ ಹುಡುಕಿ ಹಾಸಿಕೊಂಡು ಮಲಗಿಬಿಟ್ಟಿದ್ದ.

ಈಗ ನಾಲ್ಕನೇದು ಬಂದಿತ್ತು. ಹಾರೋಕೆರೆ ಗುರುಸಿದ್ದಪ್ಪನ ಮಗಳು ಶಶಿರೇಖ. ಸ್ವಂತ ಕಾರು ಓಡಿಸೋ ಹುಡುಗ ಅಂತ ಕೇಳಿ ಅವರೇ ಹೇಳಿಕಳಿಸಿದ್ದರು. ಇದೂ ಕೈಬಿಟ್ಟರೆ ಇನ್ನು ಯಾರೂ ಬಾಗಿಲು ಹತ್ತಲ್ಲ ಅಂತ ನಿಂಗಾಜಮ್ಮನಿಗೆ ಗೊತ್ತು. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಊಟ ಮಾಡು, ಕೈ ತೊಳಿ ಅನ್ನೋರು ಯಾರು ಅಂತ ಅವಳಿಗೆ ಅದೊಂದೇ ಕೊರಗು. ಕಾರು ಓಡಬೇಕು, ಮಗನ ಬುದ್ಧಿ ಬೀದಿಗೆ ಬೀಳಬಾರದು, ದೇವರ ಹತ್ತಿರ ಇಷ್ಟೇ ಕೇಳೋಳು.

ಕಾರು ಓಡಬೇಕಲ್ಲ? ಸಾಯಂಕಾಲ ಗುಂಡುಕಲ್ಲಿನ ಹಾಗೆ ಬಂದು ನಿಂತಿದ್ದು ಬೆಳಗ್ಗೆ ಕೀ ತಿರುಗಿಸಿದರೆ ಟಕ್ ಅಂದು ಸುಮ್ಮನಾಗೋದು. ಕಾರಿನ ಕರೆಂಟು ಕೆಲಸಕ್ಕೆ ಆ ಊರಲ್ಲಿ ದಸ್ತಗೀರ್ ಸಾಬಿ ಬಿಟ್ಟರೆ ಇಲ್ಲ. ಅವನು ಬಾನೆಟ್ಟು ಎತ್ತಿದ, ಬಗ್ಗಿದ, ಮೂಸಿದ, ಎಲ್ಲೋ ಕರೆಂಟು ಸುಮ್ಮನೆ ಸೋರಿ ಹೋಗ್ತಿದೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ ಅಂದ. ಆರು ತಿಂಗಳಿಂದಲೂ ಅದನ್ನೇ ಅಂತಿದ್ದ. ಸಿಕ್ಕೋ ತನಕ ಒಂದು ಉಪಾಯ ಹೇಳಿದ.

"ಗಾಡಿ ನಿಲ್ಲಿಸಿದ ತಕ್ಷಣ ಬ್ಯಾಟರಿ ವೈರು ಬಿಚ್ಚಿಡಪ್ಪ. ಮರೀಬೇಡ."

ಓಂಕಾರಿ ಮರೀತಾನ? ಮಾರನೇ ದಿನ ಹೆಡ್‌ಮೇಷ್ಟ್ರ ಹೆಂಡತಿ ಪ್ರೇಮಲೀಲಮ್ಮ ಟ್ರಂಕು ಹೊರಿಸಿಕೊಂಡು ಬಂದಳು. ಗಂಡನ ಜೊತೆ ಜಗಳ ಆಡಿ ತವರಿಗೆ ಹೊರಟಿದ್ದಳು. ಜಗಳ ಯಾಕೆ ಅಂತ ಎಲ್ಲರಿಗೂ ಗೊತ್ತು, ನಾನು ಹೇಳೋದು ಬೇಡ. ಹತ್ತು ಗಂಟೆ ರೈಲು, ಸ್ಟೇಷನ್ ಬಾಗಿಲಿಗೆ ಗೇಟು ದಾಟಿ ಸಂತೆ ಸುತ್ತಿಕೊಂಡೇ ಹೋಗಬೇಕು. ರೈಲ್ವೆ ಗೇಟು ಹಾಕಿತ್ತು, ಓಂಕಾರಿ ಗಾಡಿ ನಿಲ್ಲಿಸಿದ, ಇಳಿದ, ಬಾನೆಟ್ಟು ಎತ್ತಿ ಸ್ಪ್ಯಾನರು ಹಾಕಿ ವೈರು ಬಿಚ್ಚಿದ. ಗೇಟು ತೆಗೆಯಿತು, ವೈರು ಕಟ್ಟಿದ. ಎಮ್ಮೆ ಅಡ್ಡ ಬಂತು, ನಿಲ್ಲಿಸಿದ, ಬಿಚ್ಚಿದ, ಕಟ್ಟಿದ. ಸಂತೆ ತಿರುವಲ್ಲಿ ತರಕಾರಿ ಗಾಡಿ ಅಡ್ಡ ಬಂತು, ಬಿಚ್ಚಿದ, ಕಟ್ಟಿದ. ಸ್ಟೇಷನ್ ಮುಟ್ಟೋ ಹೊತ್ತಿಗೆ ರೈಲಿನ ಬಾಲವೂ ಕಾಣಲಿಲ್ಲ. ಪ್ರೇಮಲೀಲಮ್ಮ ಟ್ರಂಕಿನ ಸಮೇತ ಗಂಡನ ಮನೆಗೇ ವಾಪಸ್. ಅದರಿಂದ ಹೆಡ್‌ಮೇಷ್ಟ್ರಿಗೆ ಲಾಭವೋ ನಷ್ಟವೋ, ಪಾಪ ಆ ಮನುಷ್ಯ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ನಿಂಗಾಜಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಕಲ್ಲೇ, ಯಾರಾದರೂ ದಾರೀಲಿ ವೈರು ಬಿಚ್ಚುತಾರ? ಏನೇ ಆಗಲಿ, ದಾರೀಲಿ ಆ ವೈರು ಮುಟ್ಟಕೂಡದು. ಮನೆ ಬಾಗಿಲಿಗೆ ಬಂದ ಮೇಲೇ ಬಿಚ್ಚಬೇಕು."

ಆಗಲಿ ಕಣವ್ವ ಅಂದ ಓಂಕಾರಿ. ಹೇಳಿದ್ದು ಹೇಳಿದ ಹಾಗೇ.

ಎರಡು ದಿನ ಕಳೀತು. ಚನ್ನಬಸಯ್ಯ ಅಯ್ನೋರು ಪಕ್ಕದ ಹಳ್ಳಿಯಲ್ಲಿ ಗೃಹಪ್ರವೇಶ ಮಾಡಿಸಿ, ದಾನ ಬಂದ ಹೊಸ ಶಾಲು ಹೊದ್ದುಕೊಂಡು ಕಾರು ಹತ್ತಿದರು. ಅರ್ಧ ದಾರಿಗೆ ಬಂದಾಗ ಸ್ಟೇರಿಂಗಿನ ಕೆಳಗಿಂದ ಹೊಗೆ ಎದ್ದಿತು. ಮೊದಲು ಊದುಬತ್ತಿಯಷ್ಟು, ಆಮೇಲೆ ಒಲೆಯಷ್ಟು. ನಿಲ್ಲಿಸೋ, ಏನಾದರೂ ಕಿತ್ತು ಹಾಕೋ ಅಂತ ಅಯ್ನೋರು ಕೂಗಿಕೊಂಡರು. ದಾರೀಲಿ ಮುಟ್ಟಕೂಡದು ಅಂತ ಅವ್ವ ಹೇಳಿದಾಳೆ ಬುದ್ದಿ, ಮನೆಗೆ ಹೋದ ಮೇಲೆ ಬಿಚ್ಚುತೀನಿ ಅಂತ ಓಂಕಾರಿ ನಾಲ್ಕು ಮೈಲಿ ಹೊಗೆಯಲ್ಲೇ ಓಡಿಸಿದ. ಕಾರಿಂದ ಇಳಿದಾಗ ಅಯ್ನೋರ ಮುಖದಲ್ಲಿ ವಿಭೂತಿ ಯಾವುದು, ಮಸಿ ಯಾವುದು ಗೊತ್ತಾಗ್ತಿರಲಿಲ್ಲ. ಶಾಲು ಮಾತ್ರ ಬಿಸಿಲಿಗೆ ಹಾಕಿದರೂ ಸುಟ್ಟ ರಬ್ಬರ್ ವಾಸನೆ ಬಿಡಲಿಲ್ಲವಂತೆ.

ಹಾರನ್ನಿನ ವೈರು ತಗಡಿಗೆ ಉಜ್ಜಿ ಸಿಪ್ಪೆ ಸುಲಿದಿತ್ತು. ದಸ್ತಗೀರ್ ಸಾಬಿ ಬೇರೆ ವೈರು ಹಾಕಿದ, ಬಾಯಿಗೆ ಬಂದ ಹಾಗೆ ಬೈದ.

"ಹೊಗೆ ಕಂಡರೆ ಯಾರದ್ದು, ಎಲ್ಲಿ ಅಂತ ಕೇಳ್ತಾ ನಿಂತ್ಕೋಬೇಡ. ಮೊದಲು ವೈರು ಕೀಳು, ಆಮೇಲೆ ಮಾತಾಡು. ತಿಳೀತಾ?"

ತಿಳೀತು ಸಾಬ್ರೇ ಅಂದ ಓಂಕಾರಿ. ಹೇಳಿದ್ದು ಹೇಳಿದ ಹಾಗೇ.

ಹೆಣ್ಣು ನೋಡೋ ದಿನ ಬಂತು. ಬಾಯಿ ತೆಗೀಬೇಡ, ಕೇಳಿದ್ದಕ್ಕೆಲ್ಲ ತಲೆ ಆಡಿಸು, ಚಾಪೆ ಕಂಡರೆ ಮಲಗಬೇಡ ಅಂತ ನಿಂಗಾಜಮ್ಮ ದಾರಿ ಉದ್ದಕ್ಕೂ ಪಾಠ ಹೇಳಿಕೊಟ್ಟಳು. ಹಾರೋಕೆರೆಯಲ್ಲಿ ಎಲ್ಲಾ ಸರಾಗವಾಗಿ ನಡೀತು. ಗುರುಸಿದ್ದಪ್ಪನ ಮನೆ ತುಂಬಾ ಕರೆಂಟೇ ಕರೆಂಟು. ಹಗಲಲ್ಲೂ ದೀಪ, ಮೂರು ಫ್ಯಾನು, ಅಡಿಗೆ ಮನೇಲಿ ಗರ ಗರ ತಿರುಗೋ ರುಬ್ಬೋ ಮಿಷನ್ನು. ಶಶಿರೇಖ ಬಂದಳು, ಕಾಫಿ ಕೊಟ್ಟಳು, ಹುಡುಗನ್ನ ಚೆನ್ನಾಗಿ ನೋಡಿದಳು. ನಿಂಗಾಜಮ್ಮ ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ಅಡಿಗೆ ಮನೇಲಿ ಯಾರೋ ಒಗ್ಗರಣೆ ಸೀಯಿಸಿದರು. ಹೊಗೆ ದಟ್ಟವಾಗಿ ನಡುಮನೆಗೆ ನುಗ್ಗಿತು.

ಓಂಕಾರಿ ಎದ್ದ. ಯಾರದ್ದು ಅಂತ ಕೇಳಲಿಲ್ಲ, ಎಲ್ಲಿ ಅಂತ ಕೇಳಲಿಲ್ಲ. ಫ್ಯಾನಿನ ವೈರು ಎಲ್ಲಿಂದ ಬಂದಿದೆ ಅಂತ ಗೋಡೆ ಹಿಡಿದು ನೋಡ್ತಾ ನೋಡ್ತಾ ಹಿತ್ತಿಲಿಗೆ ಹೋದ. ಅಲ್ಲಿ ನೋಡಿದರೆ ಗುರುಸಿದ್ದಪ್ಪ ಬೀದಿ ಕಂಬದ ತಂತಿಗೆ ಕೊಕ್ಕೆ ಹಾಕಿ ಮನೆಗೆಲ್ಲ ಕದ್ದು ಕರೆಂಟು ಎಳೆದುಕೊಂಡಿದ್ದ! ಊರಿಗೆ ನ್ಯಾಯ ಹೇಳೋ ಮನುಷ್ಯ, ನೋಡಿ. ಕೊಕ್ಕೆ ಹಾಕೋ ಒಣ ಬಿದಿರ ಕೋಲು ಅಲ್ಲೇ ಒರಗಿತ್ತು. ಓಂಕಾರಿ ಆ ಕೋಲಲ್ಲಿ ಕೊಕ್ಕೆ ತಪ್ಪಿಸಿ, ವೈರು ಎಳೆದು ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಒಳಗೆ ಬಂದ. ಫ್ಯಾನು ನಿಂತಿತ್ತು, ದೀಪ ಆರಿತ್ತು, ಮಿಷನ್ನೂ ಗಪ್‌ಚಿಪ್. ಗುರುಸಿದ್ದಪ್ಪ ಕೆಂಪಗಾಗಿ ಮೇಲೆದ್ದ. ನಿಂಗಾಜಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ನಾಲ್ಕನೇದೂ ಹೋಯಿತು.

ಆಗ ಬಾಗಿಲಲ್ಲಿ ಜೀಪು ನಿಂತ ಸದ್ದು. ಕದ್ದ ಕರೆಂಟು ಹಿಡಿಯೋರು ಬಂದಿದ್ದರು. ಹಿತ್ತಿಲೆಲ್ಲ ತಡಕಿದರು, ಕಂಬ ನೋಡಿದರು, ಕೊಕ್ಕೆ ಎಲ್ಲಿದೆ? ಹೆಣ್ಣು ನೋಡೋಕೆ ಬಂದ ಹುಡುಗನ ಬಗಲಲ್ಲಿದೆ, ಅಲ್ಲಿ ಯಾರು ಹುಡುಕುತಾರೆ? ತಲೆ ಕೆರೆದುಕೊಂಡು ಹೋದರು. ಗುರುಸಿದ್ದಪ್ಪ ಹಣೆ ಬೆವರು ಒರೆಸಿಕೊಂಡು ಬಂದು ಓಂಕಾರಿ ಹೆಗಲ ಮೇಲೆ ಕೈಯಿಟ್ಟ.

"ದೂರದಲ್ಲೇ ಜೀಪು ನೋಡಿ ಒಂದು ಮಾತಾಡದೆ ಕೆಲಸ ಮುಗಿಸಿದೆಯಲ್ಲಪ್ಪ. ನನ್ನ ಮಾನ ಉಳಿಸಿದೆ. ಎಂಥ ಸೂಕ್ಷ್ಮ!"

ಓಂಕಾರಿ, ಅವ್ವ ಹೇಳಿಕೊಟ್ಟ ಹಾಗೆ, ತಲೆ ಆಡಿಸಿದ. ಮದುವೆ ಗೊತ್ತಾಯಿತು. ನಿಂಗಾಜಮ್ಮ ಒಂದರ ಮೇಲೊಂದು ಎರಡು ಲೋಟ ಕಾಫಿ ಕುಡಿದಳು.

ಮದುವೆ ಹಾರೋಕೆರೆಯಲ್ಲೇ ಆಯಿತು. ಸಾಯಂಕಾಲ ಹೊಸ ಹೆಣ್ಣನ್ನ ಗಂಡನ ಮನೆಗೆ ಕರಕೊಂಡು ಬರಬೇಕು. ಆ ಕಾರು ಓಂಕಾರಿ ಕೈಗಲ್ಲದೆ ಇನ್ನೊಬ್ಬರ ಕೈಗೆ ಬಗ್ಗಲ್ಲ, ಅದಕ್ಕೆ ಮದುಮಗನೇ ಡ್ರೈವರು. ದಸ್ತಗೀರ್ ಸಾಬಿ ಮೊದಲೇ ಹೇಳಿ ಕಳಿಸಿದ್ದ: ಮನೆ ಬಿಟ್ಟು ಬೇರೆಲ್ಲೂ ನೀನು ವೈರು ಬಿಚ್ಚಲ್ಲ, ಬ್ಯಾಟರಿ ಸತ್ತಿರುತ್ತೆ, ತಳ್ಳಿಸಿ ಸ್ಟಾರ್ಟ್ ಮಾಡು, ಒಂದು ಸಲ ಹೊರಟರೆ ಮನೆ ಬಾಗಿಲ ತನಕ ಯಾರಿಗೂ ನಿಲ್ಲಿಸಬೇಡ. ಅವ್ವನೂ ಅದನ್ನೇ ಹೇಳಿದಳು. ಯಾರು ಕೂಗಿದರೂ ನಿಲ್ಲಿಸಬೇಡ ಅಂತ ಒಂದು ಮಾತು ಜಾಸ್ತಿ ಸೇರಿಸಿದಳು, ಬಾಯಿ ಸುಮ್ಮನಿರದೆ.

ಕಾರಲ್ಲಿ ಶಶಿರೇಖ, ನಿಂಗಾಜಮ್ಮ, ಗುರುಸಿದ್ದಪ್ಪ ಕೂತರು. ಕೀ ತಿರುಗಿಸಿದರೆ ಟಕ್. ಮೂವರೂ ಇಳಿದರು. ಗುರುಸಿದ್ದಪ್ಪ ಪೇಟದ ಸಮೇತ ತಳ್ಳಿದ, ನಿಂಗಾಜಮ್ಮ ಸೆರಗು ಸಿಕ್ಕಿಸಿ ತಳ್ಳಿದಳು, ಶಶಿರೇಖ ಬಾಸಿಂಗ ಓರೆ ಮಾಡಿಕೊಂಡು ಡಿಕ್ಕಿಗೆ ಮುಖ ಆನಿಸಿ ತಳ್ಳಿದಳು. ಕಾರು ಕೆಮ್ಮಿತು, ಗುಡುಗಿತು, ಹೊರಟಿತು. ಹೊರಟೇ ಹೋಯಿತು. ಮೂವರೂ ಕೂಗಿಕೊಂಡು ಹಿಂದೆ ಓಡಿದರು. ಯಾರು ಕೂಗಿದರೂ ನಿಲ್ಲಿಸಬಾರದಲ್ಲ?

ಇಲ್ಲಿ ಮನೆ ಬಾಗಿಲಲ್ಲಿ ಸೇರಕ್ಕಿ ಇಟ್ಟುಕೊಂಡು, ಆರತಿ ತಟ್ಟೆ ಹಿಡಕೊಂಡು ಬೀದಿ ಹೆಂಗಸರೆಲ್ಲ ನಿಂತಿದ್ದರು. ಮದುಮಗ ಒಬ್ಬನೇ ಇಳಿದ. ಮದುಮಗಳೆಲ್ಲೋ ಅಂದರು.

"ಹಿಂದೆ ತಳ್ತಾ ಇದಾಳೆ," ಅಂದ ಓಂಕಾರಿ.

ಅಲ್ಲಿ ಹಾರೋಕೆರೆ ರಸ್ತೆಯಲ್ಲಿ ಗುರುಸಿದ್ದಪ್ಪನಿಗೆ ಆಗ ಎಲ್ಲಾ ಅರ್ಥ ಆಯಿತು. ಇವನು ಪೆದ್ದ, ಮಗಳೇ, ನಡಿ ಮನೆಗೆ ಅಂತ ಮಗಳ ಕೈ ಹಿಡಿದ. ನಿಂಗಾಜಮ್ಮ ಧೂಳಲ್ಲೇ ಕುಸಿದು ಕೂತಳು. ಮಗನ ಬುದ್ಧಿ ಕೊನೆಗೂ ಬೀದಿಗೆ ಬಿತ್ತು, ಅದೂ ಧಾರೆ ಎರೆದ ದಿನವೇ.

ಶಶಿರೇಖ ಮಾತ್ರ ಹೊಟ್ಟೆ ಹಿಡಕೊಂಡು ನಗ್ತಿದ್ದಳು. ನಕ್ಕು ಸಾಕಾದ ಮೇಲೆ ಅಪ್ಪನ ಕೈ ಬಿಡಿಸಿಕೊಂಡಳು.

"ಪೆದ್ದ ಅಂತ ಅವತ್ತೇ ಗೊತ್ತಾಯ್ತು ಬಿಡಪ್ಪ. ಜೀಪು ಬರೋದು ನನಗೆ ಕಿಟಕೀಲಿ ಕಾಣ್ತಿತ್ತು, ನಿನ್ನ ಅಳಿಯ ಆ ಕಡೆ ನೋಡಲೇ ಇಲ್ಲ. ನಿನ್ನ ಥರ ಯಾರ ಮಾತೂ ಕೇಳದ ಗಂಡಸಿನ ಜೊತೆ ಅವ್ವ ಬಾಳಿದ್ದು ನೋಡಿದೀನಿ. ಹೇಳಿದ್ದು ಕೇಳೋನು ನನಗಿರಲಿ." ಆಮೇಲೆ ಅತ್ತೆಯನ್ನ ಎಬ್ಬಿಸಿ ಸೀರೆ ಕೊಡವಿದಳು. "ಅತ್ತೆ, ಆ ಡಿಕ್ಕಿ ಸಂದೀಲಿ ಸಣ್ಣಗೆ ಲೈಟು ಉರೀತಾ ಇತ್ತಲ್ಲ, ಅದು ಯಾವಾಗಲೂ ಹಾಗೇನಾ?"

ನಿಂಗಾಜಮ್ಮ ಹಣೆ ಹಣೆ ಬಡಿದುಕೊಂಡಳು. ಸಾಮಾನು ಕಾಣಲಿ ಅಂತ ಅವಳ ಗಂಡ ಎಂದೋ ಡಿಕ್ಕಿಯೊಳಗೆ ಒಂದು ಬಲ್ಬು ಹಾಕಿಸಿದ್ದ. ಮುಚ್ಚಿದರೆ ಆರಬೇಕಾದ್ದು, ಸ್ವಿಚ್ಚು ಕೆಟ್ಟು ಹಗಲೂ ಇರುಳೂ ಒಳಗೇ ಉರೀತಿತ್ತು. ಮುಚ್ಚಿದ ಡಿಕ್ಕಿಗೆ ಮುಖ ಆನಿಸಿ ನೋಡೋರು ಯಾರಿದ್ದರು?

ದಾರೀಲಿ ಸಿಕ್ಕ ಟ್ರ್ಯಾಕ್ಟರ್ ಹತ್ತಿ ಅತ್ತೆ ಜೊತೆ ಬಂದು ಶಶಿರೇಖ ಸೇರಕ್ಕಿ ಒದ್ದು ಒಳಗೆ ಬಂದಳು. ಮಾರನೇ ದಿನ ದಸ್ತಗೀರ್ ಸಾಬಿ ಆ ಬಲ್ಬು ಕಿತ್ತ, ಬ್ಯಾಟರಿ ತುಂಬಿಸಿದ. ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟು. ಆರು ತಿಂಗಳ ತನ್ನ ವಿದ್ಯೆ ಒಂದು ದಿನದ ಮದುಮಗಳ ಮುಂದೆ ಹೋಯಿತಲ್ಲ ಅಂತ ಸಾಬಿ ಗಡ್ಡ ಕೆರಕೊಂಡ. ಶಶಿರೇಖ ಗಂಡನಿಗೆ ಬೈಯಲಿಲ್ಲ. ಕೂರಿಸಿಕೊಂಡು ನಿಧಾನವಾಗಿ ಒಂದೇ ಮಾತು ಹೇಳಿದಳು.

"ನೋಡಿ, ಇನ್ಮೇಲೆ ನಾನು ಹತ್ತಿ ಕೂತಿದೀನಾ ಅಂತ ನೋಡದೆ ಕಾರು ಒಂದು ಹೆಜ್ಜೆಯೂ ಕದಲಿಸಬಾರದು."

ಆಗಲಿ ಅಂದ ಓಂಕಾರಿ. ನಿಂಗಾಜಮ್ಮ ಗೋಡೆಗೆ ಒರಗಿ ಕಾಲು ಚಾಚಿದಳು. ಇನ್ನು ಹೇಳೋ ಕೆಲಸ ಅವಳದಲ್ಲ. ಎಷ್ಟೋ ವರ್ಷದ ಮೇಲೆ ಆ ಮಧ್ಯಾಹ್ನ ಗೊರಕೆ ಹೊಡೆದು ನಿದ್ದೆ ಮಾಡಿದಳು.

ಅವಳು ಮಲಗಿದ್ದಾಗ, ಬೆಳಗ್ಗೆ ರಿಪೇರಿಗೆ ಬಿಟ್ಟಿದ್ದ ಓಂಕಾರಿ ಕಾರು ಇನ್ನೂ ದಸ್ತಗೀರ್ ಸಾಬಿ ಅಂಗಡಿ ಮುಂದೇ ನಿಂತಿತ್ತು. ಹಿಂದೆ ಲಾರಿ ಬಂತು, ನಾಲ್ಕಡಿ ಮುಂದಕ್ಕೆ ತಗೋ ಅಂದ ಸಾಬಿ. ಓಂಕಾರಿ ಕಾರಿಂದ ಇಳಿದು, ಅರ್ಧ ಮೈಲಿ ನಡೆದು ಮನೆಗೆ ಹೋಗಿ, ರೊಟ್ಟಿ ತಟ್ಟುತ್ತಿದ್ದ ಹೆಂಡತಿಯನ್ನ ಹಿಟ್ಟಿನ ಕೈಯಲ್ಲೇ ಕರಕೊಂಡು ಬಂದ. ಹಾರನ್ ಹೊಡೆದು ಹೊಡೆದು ಲಾರಿಯೋನು ಸುಸ್ತಾಗಿದ್ದ. ಶಶಿರೇಖ ಹತ್ತಿ ಕೂತಳು. ಓಂಕಾರಿ ಬಗ್ಗಿ ನೋಡಿ, ಕೂತಿದಾಳೆ ಅಂತ ಖಾತ್ರಿ ಮಾಡಿಕೊಂಡು, ಕಾರು ನಾಲ್ಕಡಿ ಮುಂದಕ್ಕೆ ಬಿಟ್ಟ. ಅವಳು ಇಳಿಯೋಕೆ ಹೋದರೆ ಬೇಡ ಅಂತ ಕೈ ಹಿಡಕೊಂಡ.

"ಕೂತಿರೆ, ಲಾರಿ ಹೋದ ಮೇಲೆ ಹಿಂದಕ್ಕೆ ತಗೋಬೇಕು."