ಕಣಜದ ಬಾಯಲ್ಲಿ ಮಣ್ಣೇಕೆ, ಬೈಕಿನ ನೆತ್ತಿಯಲ್ಲಿ ಪೈಪೇಕೆ

ಹತ್ತಿರ ಬನ್ನಿ. ಇನ್ನೂ ಹತ್ತಿರ. ದನಿ ಏರಿಸಬೇಡಿ, ಕಿಟಕಿ ಮೂಲೆಯಲ್ಲಿ ಅವಳು ಇದ್ದರೂ ಇದ್ದಾಳು. ಈ ಮಾತು ಈ ಜಗಲಿ ದಾಟಬಾರದು. ದಾಟಿದರೆ, ಹೇಳಿದ್ದು ಯಾರು ಅಂತ ಕೇಳಿದಾಗ ನಿಮ್ಮ ಹೆಸರೇ ಬರುತ್ತದೆ, ನೆನಪಿರಲಿ.

ಲೋಕ ಆಗಿನ್ನೂ ಹೊಸದು. ಬೆಟ್ಟಗಳೆಲ್ಲ ಹಸಿ, ಮುಟ್ಟಿದರೆ ಬೆರಳಿನ ಗುರುತು ಬೀಳುತ್ತಿತ್ತು. ಹೊಳೆಗೆ ಎತ್ತ ಹರಿಯಬೇಕೆಂದು ಗೊತ್ತಿರಲಿಲ್ಲ; ಇವತ್ತು ಇತ್ತ, ನಾಳೆ ಅತ್ತ. ಕುದುರೆ, ಕೋಣ, ಕತ್ತೆ ಎಲ್ಲ ಹುಟ್ಟಿ ಮುಗಿದ ಮೇಲೆ, ಉಳಿದ ಕಬ್ಬಿಣದ ಚೂರುಪಾರಿನಿಂದ ಕೊನೆಗೊಂದು ಪ್ರಾಣಿ ಹುಟ್ಟಿತು. ಅದೇ ಮಣ್ಣುಬೈಕು. ಎತ್ತರದ ಮೈ, ಮುಳ್ಳುಮುಳ್ಳು ಚಕ್ರ, ಕೆಸರು ಕಂಡರೆ ಕುಣಿತ.

ಹೊಳೆ ಉಕ್ಕಿದಾಗಲೆಲ್ಲ ಅದಕ್ಕೆ ಒಂದು ಕೆಲಸ. ಓಡಲಾರದವರನ್ನು, ಮೊಟ್ಟೆಯೊಳಗೆ ಇರುವವರನ್ನು ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತಿಸುವುದು.

ಅದರ ಮೈಮೇಲಿದ್ದವರೆಲ್ಲ ದುಡಿಯುವವರೇ. ಚೈನು ಎಳೆಯುತ್ತಿತ್ತು. ಬ್ರೇಕು ಹಿಡಿಯುತ್ತಿತ್ತು. ಕಾಲಿಡುವ ಕಡ್ಡಿಯ ಹತ್ತಿರ ಒಂದು ಪುಟ್ಟ ಸ್ಪ್ರಿಂಗು, ಕಡಲೆಕಾಯಿಯಷ್ಟು. ಕಡ್ಡಿ ಕಲ್ಲಿಗೆ ತಾಗಿ ಮಡಚಿಕೊಂಡರೆ ಮತ್ತೆ ನೆಟ್ಟಗೆ ಮಾಡುವುದು ಅದರ ಪಾಲಿನ ದುಡಿಮೆ. ಆದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಒಬ್ಬಳಿದ್ದಳು. ಕಿರುಬೆರಳಿಗಿಂತ ಸಣ್ಣ ರಬ್ಬರ್ ಪೈಪು. ಎಳೆಯುವುದಿಲ್ಲ, ಹಿಡಿಯುವುದಿಲ್ಲ, ತಿರುಗುವುದಿಲ್ಲ. ಬಾಯಿ ತೆರೆದುಕೊಂಡು ಸುಮ್ಮನೆ ಜೋತು ಬಿದ್ದಿರುತ್ತಿದ್ದಳು.

ಇದು ಕಣಜದ ಹುಳು ಕಣಜಕ್ಕನ ಕಣ್ಣಿಗೆ ಬಿತ್ತು. ಬೀಳದೆ ಇರುತ್ತದೆಯೇ?

ಕಣಜಕ್ಕನ ಮನೆ ಇದ್ದದ್ದು ಬೈಕಿನ ಸೀಟಿನ ಅಡಿಯಲ್ಲೇ. ಆಗ ಅವಳು ಮಣ್ಣು ಮುಟ್ಟುತ್ತಿರಲಿಲ್ಲ. ಎಲೆಚೂರು ತಂದು ಗೂಡು ಹೆಣೆದು ಒಳಗೆ ಮೂರು ಮಕ್ಕಳನ್ನು ಮಲಗಿಸಿದ್ದಳು. ಮಕ್ಕಳಿಗೆ ತಿನ್ನಿಸಿ ಉಳಿದ ಹೊತ್ತೆಲ್ಲ ಪೈಪಿನ ಮೇಲೆ ಕಾವಲು.

ಮೊದಲ ದಿನ ಅವಳು ಕಂಡದ್ದು, ಗಾಳಿರಾಯ ಬಂದು ಪೈಪಿನ ಬಾಯಿಯ ಹತ್ತಿರ ನಿಂತದ್ದು. ಎರಡನೆಯ ದಿನ ಕಂಡದ್ದು, ಅವನು ಒಳಗೆ ಹೋದದ್ದು. ಮೂರನೆಯ ದಿನ ಅವನು ಪಕ್ಕದಲ್ಲಿ ಹಾದುಹೋದಾಗ ಮೂಸಿ ನೋಡಿದಳು. ಪೆಟ್ರೋಲಿನ ವಾಸನೆ.

ಹಾರಿದಳು ನೋಡಿ, ಪಕ್ಕದ ಕಲ್ಲುಗೋಡೆಯ ಹಲ್ಲಿ ಹಲ್ಲವ್ವನ ಹತ್ತಿರ.

"ಯಾರಿಗೂ ಹೇಳಬೇಡ ಹಲ್ಲವ್ವ. ಬೆಳಗ್ಗೆ ಟ್ಯಾಂಕು ತುಂಬಿರುತ್ತೆ. ಸಂಜೆಗೆ ಇಳಿದಿರುತ್ತೆ. ಎಲ್ಲಿ ಹೋಯ್ತು?"

"ಹಗಲೆಲ್ಲ ಬೈಕು ಓಡಿದೆಯಲ್ಲ ಕಣಜಕ್ಕ," ಅಂದಳು ಹಲ್ಲವ್ವ.

"ಓಡಿದರೆ ಓಡಲಿ. ಆ ಪೈಪಿನೊಳಗೆ ಹೋಗಿ ಬಂದ ಗಾಳಿರಾಯನ ಮೈಯಲ್ಲಿ ಪೆಟ್ರೋಲಿನ ವಾಸನೆ ಯಾಕೆ?"

"ಅವಳನ್ನೇ ಕೇಳಿದರಾಯಿತಪ್ಪ."

"ಕಳ್ಳಿಯನ್ನ ಕೇಳಿದರೆ ಹೌದು ಕದ್ದೆ ಅಂತಾಳಾ? ನೀನೊಬ್ಬಳು."

ಹಲ್ಲವ್ವನ ಹತ್ತಿರ ಮಾತು ನಡೆಯಲಿಲ್ಲ. ಕಣಜಕ್ಕ ಆಮೆಯಜ್ಜನ ಹತ್ತಿರ ಹೋದಳು, ನಿನಗೊಬ್ಬನಿಗೇ ಹೇಳುತ್ತಿದ್ದೇನೆ ಅಂದಳು. ಕಪ್ಪೆಬಾವನ ಹತ್ತಿರ ಹೋದಳು, ನಿನಗೊಬ್ಬನಿಗೇ ಅಂದಳು. ಬಸವನಹುಳುವಿನ ಹತ್ತಿರವೂ ಹೋದಳು, ನಿನಗೊಬ್ಬಳಿಗೇ ಅಂದಳು. ಹೊತ್ತು ಇಳಿಯುವಷ್ಟರಲ್ಲಿ ಊರಿಗೆ ಊರೇ ಬೈಕಿನ ಸುತ್ತ ಸೇರಿತು.

"ಏನಮ್ಮ ನಿನ್ನ ಕೆಲಸ?" ಆಮೆಯಜ್ಜ ಪೈಪನ್ನು ಕೇಳಿದ.

"ಟ್ಯಾಂಕಿಗೆ ಉಸಿರು ಕೊಡ್ತೀನಿ ಅಜ್ಜ," ಅಂದಳು ಪೈಪು.

ಕಪ್ಪೆಬಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಟ್ಯಾಂಕಿಗೆ ಮೂಗೇ ಇಲ್ಲ, ಉಸಿರಂತೆ."

ಕಣಜಕ್ಕ ಮುಂದೆ ಬಂದಳು. "ಇವಳೂ ಗಾಳಿರಾಯನೂ ಸೇರಿ ಪೆಟ್ರೋಲು ಸಾಗಿಸ್ತಿದ್ದಾರೆ. ನನ್ನ ಮಾತು ಸುಳ್ಳಾದರೆ ಕೇಳಿ."

ಸರಿಯಾಗಿ ಆಗಲೇ ಗೋಡೆಯಿಂದ ಸದ್ದು. ಲೊಚ್, ಲೊಚ್, ಲೊಚ್.

ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯ ಅನ್ನುವುದು ನಿಮ್ಮ ಅಜ್ಜಿಯ ಅಜ್ಜಿಗೂ ಗೊತ್ತು. ಎಲ್ಲರೂ ಬೆರಳು ಮಡಚಿ ನೆಲ ತಟ್ಟಿದರು. ಬೆರಳಿಲ್ಲದವರು ತಲೆ ತಟ್ಟಿದರು.

"ಅಯ್ಯೋ, ಗಂಟಲಿಗೆ ಸೊಳ್ಳೆ ಸಿಕ್ಕಿಕೊಂಡಿತ್ತು ಕಣ್ರಪ್ಪ," ಅಂದಳು ಹಲ್ಲವ್ವ. ಕೇಳುವವರು ಯಾರು? ಶಕುನ ಆಗಿಹೋಗಿತ್ತು.

ಪೈಪಿನ ಬಾಯಿ ಮುಚ್ಚಬೇಕೆಂದು ತೀರ್ಮಾನವಾಯಿತು. ಯಾರು ಮುಚ್ಚುತ್ತಾರೆ? ಕೇಳಬೇಕೇ. ಕಣಜಕ್ಕ ಹೊಳೆದಂಡೆಗೆ ಹಾರಿ, ಹುಟ್ಟಿದಂದಿನಿಂದ ಮುಟ್ಟದ ಕೆಮ್ಮಣ್ಣನ್ನು ಬಾಯಲ್ಲಿ ಉಂಡೆ ಮಾಡಿ ತಂದು ಮೆತ್ತಿದಳು. ಒಂದು ಉಂಡೆ ಸಾಲದೆಂದು ಇನ್ನೊಂದು. ಗಾಳಿರಾಯ ಬಂದು ತಟ್ಟಿ ನೋಡಿ ಹೊರಟುಹೋದ. "ನೋಡಿದಿರಾ ಮುಖ ಸಪ್ಪಗಾದದ್ದು," ಅಂದಳು ಕಣಜಕ್ಕ.

ಮಾರನೆಯ ದಿನ ಮಧ್ಯಾಹ್ನ ಹೊಳೆಗೆ ಏನನ್ನಿಸಿತೋ, ಊರ ಕಡೆ ತಿರುಗಿತು.

ಆಮೆಯಜ್ಜ, ಬಸವನಹುಳು, ಕೋಳಿಯ ಹನ್ನೊಂದು ಮೊಟ್ಟೆ, ಎಲ್ಲ ಬೈಕಿನ ಮೇಲೆ. ಸೀಟಿನಡಿ ಕಣಜಕ್ಕನ ಮೂರು ಮಕ್ಕಳು ನಿದ್ದೆಯಲ್ಲಿದ್ದರು. ಹಲ್ಲವ್ವ ಹ್ಯಾಂಡಲ್ ಹಿಡಿದಳು. ಬೈಕು ಗುರ್ ಅಂತ ಹೊರಟಿತು. ಅರ್ಧ ಗುಡ್ಡ ಹತ್ತಿತು. ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ನಿಂತೇ ಬಿಟ್ಟಿತು.

"ಚೈನೇ, ನೀನು ಎಳೀತಿಲ್ಲ," ಅಂದಿತು ಬ್ರೇಕು.

"ನೀನು ಹಿಡಿದುಕೊಂಡಿದ್ದೀಯ," ಅಂದಿತು ಚೈನು.

"ಪೆಟ್ರೋಲು ಮುಗಿಸಿದವರು ಯಾರು?" ಅಂದ ಕಪ್ಪೆಬಾವ, ಈಜಿಕೊಂಡು ಬರುತ್ತಾ.

"ಮುಗಿದಿಲ್ಲ," ಅಂದಿತು ಟ್ಯಾಂಕು, ನರಳುವ ದನಿಯಲ್ಲಿ. "ಕುತ್ತಿಗೆವರೆಗೂ ತುಂಬಿದೆ. ಒಂದು ಹನಿ ಕೆಳಗೆ ಇಳೀತಿಲ್ಲ. ಒಳಗಿಂದ ಯಾರೋ ಹಿಡಿದು ಹೀರಿದ ಹಾಗಾಗ್ತಿದೆ."

ನೀರು ಹಿಂದಿನ ಚಕ್ರ ಮುಟ್ಟಿತು. ಮಕ್ಕಳ ಗೂಡಿಗೂ ನೀರಿಗೂ ನಡುವೆ ಒಂದು ಮೊಳ.

ಗಾಳಿರಾಯ ಮೇಲಿಂದ ಹೇಳಿದ, "ಎಣ್ಣೆ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆ ಸರಾಗ ಬೀಳುತ್ತಾ? ಎದುರಿಗೆ ಇನ್ನೊಂದು ಕೊರೀಬೇಕು, ಗಾಳಿಗೆ. ಪೆಟ್ರೋಲು ಇಳಿದ ಜಾಗಕ್ಕೆ ನಾನು ಬರಬೇಕು. ನಾನು ಬರೋ ಬಾಗಿಲು ಮುಚ್ಚಿದ್ದೀರಿ."

ಎಲ್ಲರ ಕಣ್ಣೂ ಕಣಜಕ್ಕನ ಮೇಲೆ.

ಅವಳಿಗೆ ಆಗ ಬಂದ ಸಂಕಟ ಯಾವ ಶತ್ರುವಿಗೂ ಬೇಡ. ಮಣ್ಣು ತೆಗೆದರೆ, ನಾನು ಆಡಿದ್ದು ಸುಳ್ಳು ಅಂತ ಊರ ಮುಂದೆ ಒಪ್ಪಿದಂತೆ. ತೆಗೆಯದಿದ್ದರೆ ಮೂರು ಮಕ್ಕಳು. ಗಾಳಿರಾಯ ಸುಳ್ಳು ಹೇಳುತ್ತಿರಬಹುದಲ್ಲ ಅಂತ ಆಗಲೂ ಒಂದು ಗಳಿಗೆ ಯೋಚಿಸಿದಳು, ಅಂಥವಳು. ನೀರು ಇನ್ನೊಂದು ಗೇಣು ಏರಿತು.

ಕಣಜಕ್ಕ ಪೈಪಿನ ಮೇಲೆ ಬಿದ್ದಳು. ಬಿಸಿಲಿಗೆ ಒಣಗಿದ ಮಣ್ಣು ಕಲ್ಲಾಗಿತ್ತು. ಕಚ್ಚಿದಳು, ಜಗಿದಳು, ಕಚ್ಚಿದಳು. ಕೊನೆಯ ತುಂಡು ಕಿತ್ತು ಬರುತ್ತಿದ್ದಂತೆ ಪೈಪು ಉಸ್ಸ್ ಅಂತ ಒಂದು ಉದ್ದ ಉಸಿರು ಎಳೆದುಕೊಂಡಳು. ಟ್ಯಾಂಕು ನಿರಾಳವಾಯಿತು. ಪೆಟ್ರೋಲು ಗಳಗಳ ಇಳಿಯಿತು. ಬೈಕು ನೀರು ಕೊಡವಿ ಎದ್ದು, ಕೆಸರು ಹಾರಿಸಿಕೊಂಡು ಗುಡ್ಡದ ನೆತ್ತಿಗೆ ಮುಟ್ಟಿತು. ಮೊಟ್ಟೆ ಎಣಿಸಿದರು, ಹನ್ನೊಂದೂ ಇದ್ದವು. ಗೂಡಿನಲ್ಲಿ ಮೂವರೂ ಇದ್ದರು.

ತಪ್ಪಾಯಿತು ಅಂತ ಒಂದು ಮಾತು ಆಡಿದಳೇ ಅಂತ ಕೇಳಿ. ಬಾಯಲ್ಲಿ ಮಣ್ಣಿನ ತುಂಡು ಇನ್ನೂ ಇದೆ, ಅದರ ಸಂದಿಯಿಂದಲೇ ಅಂದಳು, "ನಾನು ಮೊದಲೇ ಹೇಳಿರಲಿಲ್ಲವಾ, ಆ ಪೈಪಿನ ಮೇಲೆ ಎಲ್ಲರೂ ಒಂದು ಕಣ್ಣಿಟ್ಟಿರಿ ಅಂತ?"

ಪೈಪು ಬಾಯಿ ತೆರೆದುಕೊಂಡು ಮತ್ತೆ ಜೋತು ಬಿದ್ದಳು. ಗಾಳಿರಾಯ ಒಳಗೆ ಹೋದ.

ಅದಕ್ಕೇ ಮಕ್ಕಳೇ, ಇವತ್ತಿಗೂ ಮಣ್ಣುಬೈಕಿನ ಟ್ಯಾಂಕಿನ ನೆತ್ತಿಯಲ್ಲಿ ಆ ಸಣ್ಣ ಪೈಪು ಗಾಳಿಗೆ ಬಾಯಿ ತೆರೆದೇ ಇರುತ್ತದೆ. ಮತ್ತು ಕಣಜ ಬಾಯಿ ತುಂಬ ಮಣ್ಣು ಹೊತ್ತು, ಕಂಡ ಕಂಡ ತೂತಿಗೆಲ್ಲ ಅನುಮಾನದಿಂದ ಇಣುಕುತ್ತಾ, ಗುಯ್ ಅಂತ ಗೊಣಗುತ್ತಾ ತಿರುಗುತ್ತದೆ. ಯಾಕೆಂದರೆ ಅವತ್ತು ಅವಳು ಆ ಮಣ್ಣನ್ನು ಉಗುಳಲು ಹೊರಟಾಗ, ಪಕ್ಕದ ಮನೆಯ ಹಲ್ಲವ್ವ ಮುಖಕ್ಕೆ ಮುಖ ಕೊಟ್ಟು ಹೇಳಿದ್ದು ಇಷ್ಟೇ:

"ಉಗುಳಬೇಡ ಕಣಜಕ್ಕ. ನಿನ್ನ ಬಾಯಲ್ಲಿ ಅದಿರುವಷ್ಟು ಹೊತ್ತಾದರೂ ಊರು ನೆಮ್ಮದಿಯಾಗಿರಲಿ."