ಸೋರೆಬುರುಡೆ ಬೆಡಗಿನ ಪಟೇಲರು

ಮನೆತನಗಳ ಮೂಲ ಹಾಡುತ್ತ ಊರೂರು ಸುತ್ತುವ ಹೆಳವನೊಬ್ಬ ಎತ್ತಿನ ಮೇಲೆ ಕೂತು ಪಟೇಲ ಸಣ್ಣಮರೀಗೌಡರ ಬಾಗಿಲಿಗೆ ಬಂದ. ಅವತ್ತೇ ಹೊಸ ಬೀಗರು ಊಟಕ್ಕೆ ಬರುವವರಿದ್ದರು. ಗೌಡರು ಎತ್ತಿನ ಹಗ್ಗವನ್ನೇ ಹಿಡಿದುಕೊಂಡರು.

"ಲೋ, ಬೀಗರ ಮುಂದೆ ನಮ್ಮ ಕುಲದ ಬೆಡಗು ಸೋರೆಬುರುಡೆ ಅಂದೀಯೆ, ಜೋಕೆ! ನಮ್ಮ ಮೂಲಪುರುಷ ರಾಜ ಅಂತ ಹಾಡು. ಇಲ್ಲಾಂದ್ರೆ ಈ ಎತ್ತು ನನ್ನ ಕೊಟ್ಟಿಗೇಲೇ ಇರ್ತದೆ."

ಸುಳ್ಳು ಹಾಡಿದರೆ ಇನ್ನು ಯಾವ ಮನೆಯವರೂ ಹೆಳವನನ್ನು ನಂಬುವುದಿಲ್ಲ. ಹಾಡದಿದ್ದರೆ ಎತ್ತು ಹೋಯಿತು.

"ಆಗಲಿ ಬುದ್ಧಿ," ಅಂದ. "ನಿಮ್ಮ ಹಿರೀಕರು ತುಂಬಿದ ಹೊಳೇಲಿ ಸೋರೆಬುರುಡೆ ಹಿಡಿದು ಬದುಕಿಕೊಂಡರು. ಅದಕ್ಕೇ ನಿಮ್ಮ ಬೆಡಗಿನೋರು ಸೋರೆಕಾಯಿ ತಿನ್ನಲ್ಲ. ಈ ರಾಜನನ್ನೂ ಏನಾದರೂ ಕಾಪಾಡಬೇಕಲ್ಲ? ನಸುಕಿನಲ್ಲಿ ಶತ್ರುಗಳು ಮುತ್ತಿದಾಗ ಕೋಳಿ ಕೂಗಿ ಎಬ್ಬಿಸಿತು ಅನ್ನೋಣ."

"ಭೇಷ್!" ಅಂದ ಗೌಡರು ತಟ್ಟನೆ ಮೂಗರಳಿಸಿದರು. ಅಡುಗೆಮನೆಯಿಂದ ನಾಟಿಕೋಳಿ ಸಾರಿನ ಘಮ ಬರುತ್ತಿತ್ತು.

"ಹಂಗಾದ್ರೆ ಕೋಳಿ...?"

"ಏಳೇಳು ತಲೆಮಾರಿಗೂ ಮುಟ್ಟೋ ಹಂಗಿಲ್ಲ, ಬುದ್ಧಿ."

"ಬೇರೆ ಏನಾದ್ರೂ ಕಾಪಾಡಲಿ ಕಣೋ!"

"ಕುರಿಮಂದೇಲಿ ಬಚ್ಚಿಟ್ಟುಕೊಂಡು ಬದುಕಿದ ಅನ್ನಲಾ?"

"ಕುರೀನೂ ಹೋಯ್ತಲ್ಲೋ! ಸೋರೆಬುರುಡೇನೇ ಹಾಡು," ಅಂದರು ಗೌಡರು. ಹಗ್ಗವನ್ನು ಹೆಳವನ ಕೈಗಿಟ್ಟರು. ಅವನು ಎತ್ತಿನ ಬೆನ್ನು ಸವರಿದ.

ಬೀಗರು ಬಂದರು. ಹೆಳವ ಸೋರೆಬುರುಡೆಯ ಕಥೆಯನ್ನೇ ಗಂಟಲು ಬಿಚ್ಚಿ ಹಾಡಿದ. ಎಲೆ ಮುಂದೆ ಕೂತ ಗೌಡರು ಕೋಳಿ ತೊಡೆ ಕಚ್ಚುತ್ತ ಬೀಗರಿಗೆ ಹೇಳಿದರು:

"ನಮ್ಮ ಹಿರೀಕ ಭಾರೀ ಬುದ್ಧಿವಂತ ಕಣ್ರಪ್ಪ! ಮುಳುಗೋ ಹೊತ್ತಿನಲ್ಲೂ ನೋಡಿ ನೋಡಿ ಸೋರೆಬುರುಡೇನೇ ಹಿಡಿದ."